ನಮ್ಮೂರಿನ ಕುಡಿಯುವ ನೀರು: ದಾನವೊಂದೇ ಸಾಲದು

(ಮುಂಬಯಿಯಲ್ಲಿ ನೆಲೆಸಿರುವ ಕನ್ನಡ ಜೈನ ಬಾಂಧವರ ಸಭೆಯೊಂದರಲ್ಲಿ ಮಾಡಿದ ಉಪನ್ಯಾಸದ ಬರಹರೂಪ)



ಹಳ್ಳಿಗಳ ಕುಡಿಯುವ ನೀರು ಮತ್ತು ನೈರ್ಮಲ್ಯದ ಬಗ್ಗೆ ಮಾತನಾಡಬೇಕೆಂದು ತಾವು ನನಗೆ ಅಪ್ಪಣೆ ಮಾಡಿದ್ದೀರಿ. ಈ ಸಭೆಯಲ್ಲಿ ಕುಳಿತವರ ಪೈಕಿ ಬಹಳ ಜನರ ಮೂಲ ಊರು ಬೆಳಗಾವಿ, ಬಾಗಲಕೋಟೆ, ವಿಜಯಪುರ, ಧಾರವಾಡ, ಗದಗ ಜಿಲ್ಲೆಗಳಲ್ಲಿದೆ. ಕೆಲವರದು ಮೂಡಬಿದಿರೆ, ಕಾರ್ಕಳಗಳ ಕಡೆ. ಉದ್ಯೋಗಕ್ಕಾಗಿ ನಾವು ಊರು ಬಿಟ್ಟು ಬಂದಿದ್ದೇವೆ. ಆದರೆ ಊರು ನಮ್ಮನ್ನು ಬಿಟ್ಟಿಲ್ಲ. ಅಲ್ಲಿ ಕೆಲವರಿಗೆ ಹೊಲವಿದೆ, ಕೆಲವರಿಗೆ ಮನೆಯಿದೆ, ಎಲ್ಲರಿಗೂ ಬಸದಿಯ ಸಂಬಂಧವಿದೆ. ಪಂಚಕಲ್ಯಾಣಕ್ಕೋ ಮದುವೆಗೋ ಹೋದಾಗ ಕಾರಿನ ಡಿಕ್ಕಿಯಲ್ಲಿ ಬಾಟಲಿ ನೀರಿನ ಪೆಟ್ಟಿಗೆ ಇಟ್ಟುಕೊಂಡು ಹೋಗುತ್ತೇವೆ. ಅಲ್ಲಿನ ನೀರನ್ನು ಎರಡು ದಿನವೂ ಕುಡಿಯಲು ನಾವು ಹೆದರುತ್ತೇವೆ. ಅದನ್ನೇ ಹುಟ್ಟಿದಾಗಿನಿಂದ ಕುಡಿಯುತ್ತಿರುವವರು ಅಲ್ಲಿದ್ದಾರೆ. ಇಂದಿನ ನನ್ನ ಮಾತು ಅವರ ಬಗೆಗಿನದು.

ನೀರನ್ನು ಸೋಸಿ ಕುಡಿಯುವುದು ನಮ್ಮ ಮನೆಗಳಲ್ಲಿ ಮಕ್ಕಳು ಅಕ್ಷರಕ್ಕಿಂತ ಮೊದಲೇ ಕಲಿಯುವ ಆಚಾರ. ಶ್ರಾವಕರ ಮೂಲಗುಣಗಳನ್ನು ಹೇಳುವಾಗ ಕೆಲವು ಆಚಾರ್ಯರು ಜಲಗಾಲನವನ್ನೂ ಅವುಗಳಲ್ಲಿ ಸೇರಿಸಿದ್ದಾರೆ. ಅದರ ಉದ್ದೇಶ ನೀರಿನಲ್ಲಿರುವ ಸೂಕ್ಷ್ಮ ಜೀವಗಳ ರಕ್ಷಣೆ. ಬಟ್ಟೆಯಲ್ಲಿ ಉಳಿದುದನ್ನು ಅದೇ ಬಾವಿಗೆ ಮರಳಿ ಬಿಡಬೇಕೆಂಬ ನಿಯಮವೇ ಇದಕ್ಕೆ ಸಾಕ್ಷಿ. ಆದರೆ ಈ ಆಚಾರ ಕುಡಿಯುವವನನ್ನೂ ರಕ್ಷಿಸಿತು. ಉತ್ತರ ಕರ್ನಾಟಕದ ಹಿರಿಯರಿಗೆ ನಾರುಹುಣ್ಣಿನ ನೆನಪಿರಬಹುದು. ನೀರಿನಲ್ಲಿರುವ ಸೈಕ್ಲಾಪ್ಸ್ ಎಂಬ ಅತಿ ಸಣ್ಣ ಜೀವಿಯ ಒಳಗೆ ಆ ಹುಳುವಿನ ಮರಿ ಸೇರಿಕೊಂಡಿರುತ್ತದೆ. ಅಂಥ ನೀರನ್ನು ಕುಡಿದ ಸುಮಾರು ಒಂದು ವರ್ಷದ ನಂತರ ಮೊಳಕ್ಕಿಂತ ಉದ್ದವಾದ ನೂಲಿನಂಥ ಹುಳು ಕಾಲಿನ ಹುಣ್ಣಿನಿಂದ ಹೊರಬರುತ್ತದೆ. ಆ ಹುಣ್ಣಿನ ಕಾಲಿನಲ್ಲಿಯೇ ಮೆಟ್ಟಿಲುಬಾವಿಗೆ ಇಳಿದರೆ ರೋಗ ಇಡೀ ಊರಿಗೆ ಹಬ್ಬುತ್ತದೆ. ಭಾರತ ಸರ್ಕಾರ 1980ರ ದಶಕದ ಮೊದಲ ಭಾಗದಲ್ಲಿ ಈ ರೋಗದ ನಿರ್ಮೂಲನ ಕಾರ್ಯಕ್ರಮವನ್ನು ಆರಂಭಿಸಿದಾಗ ಕರ್ನಾಟಕವೂ ಪೀಡಿತ ರಾಜ್ಯಗಳ ಪಟ್ಟಿಯಲ್ಲಿತ್ತು. ಈ ರೋಗಕ್ಕೆ ಲಸಿಕೆಯಿಲ್ಲ, ಅದನ್ನು ಗುಣಪಡಿಸುವ ಔಷಧಿಯೂ ಇಲ್ಲ. ಆದರೂ ಅದು ಹೋಯಿತು. ಮೆಟ್ಟಿಲುಬಾವಿಗಳನ್ನು ಸೇದುಬಾವಿಗಳನ್ನಾಗಿ ಮಾಡಿದ್ದು, ಕೈಪಂಪು ಕೂಡಿಸಿದ್ದು, ನೀರಿಗೆ ಔಷಧಿ ಹಾಕಿದ್ದು ಮತ್ತು ದಟ್ಟವಾದ ಬಟ್ಟೆಯಲ್ಲಿ ನೀರು ಸೋಸಲು ಮನೆಮನೆಗೆ ಕಲಿಸಿದ್ದು ಅದಕ್ಕೆ ಕಾರಣ. ದೇಶದ ಕೊನೆಯ ಪ್ರಕರಣ ಕಂಡುಬಂದದ್ದು 1996ರಲ್ಲಿ, ರಾಜಸ್ಥಾನದ ಜೋಧಪುರ ಜಿಲ್ಲೆಯಲ್ಲಿ. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತವನ್ನು ಈ ರೋಗದಿಂದ ಮುಕ್ತವೆಂದು ಪ್ರಮಾಣೀಕರಿಸಿತು.

ಬಾಂಗ್ಲಾದೇಶದ ಮತ್ಲಬ್ ಎಂಬ ಪ್ರದೇಶದಲ್ಲಿ ಹಳೆಯ ಹತ್ತಿ ಸೀರೆಯನ್ನು ಹಲವು ಮಡಿಕೆ ಮಾಡಿ ಕೊಳದ ನೀರನ್ನು ಸೋಸಿದಾಗ ಕಾಲರಾ ಪ್ರಕರಣಗಳು ಸುಮಾರು ಅರ್ಧದಷ್ಟು ಕಡಿಮೆಯಾದುದನ್ನು ರೀಟಾ ಕಾಲ್ವೆಲ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದರು. ಆದ್ದರಿಂದ ನಮ್ಮ ಅಜ್ಜಿಯರ ಸೋಸುವ ಬಟ್ಟೆಯನ್ನು ಯಾರೂ ಹಗುರವಾಗಿ ಕಾಣಬಾರದು.

ಆದರೆ ಅದಕ್ಕೊಂದು ಮಿತಿಯೂ ಇದೆ. ಬಟ್ಟೆ ತಡೆಯುವುದು ಅದರ ನೂಲಿನ ಸಂದಿಗಿಂತ ದೊಡ್ಡದಾದುದನ್ನು ಮಾತ್ರ. ವಾಂತಿಭೇದಿ ಮತ್ತು ವಿಷಮಶೀತಜ್ವರದ ರೋಗಾಣುಗಳಲ್ಲಿ ಹೆಚ್ಚಿನವು ಅದರ ಮೂಲಕ ದಾಟಿಹೋಗುತ್ತವೆ. ಕಾಮಾಲೆಯ ವೈರಸ್ಸಿಗಂತೂ ಅದು ತೆರೆದ ಬಾಗಿಲು. ನೀರನ್ನು ಕುದಿಸಿ ಪ್ರಾಸುಕ ಮಾಡಿದರೆ ಈ ರೋಗಾಣುಗಳು ಸಾಯುತ್ತವೆ. ಆದರೆ ನೀರಿನಲ್ಲಿ ಕರಗಿರುವ ಫ್ಲೋರೈಡ್, ನೈಟ್ರೇಟ್‌ಗಳು ಕುದಿಸಿದರೂ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅವುಗಳ ಪ್ರಮಾಣ ತುಸು ಏರುತ್ತದೆ. ಇಂದು ನಮ್ಮ ಹಳ್ಳಿಗಳ ನೀರಿನಲ್ಲಿ ಈ ಎರಡೂ ಬಗೆಯ ದೋಷಗಳಿವೆ. ವ್ರತ ನಿಷ್ಠೆಯಿಂದ ಪಾಲಿಸುವ ಮನೆಯಲ್ಲಿಯೂ ಮಕ್ಕಳ ಹಲ್ಲು ಕಂದುಬಣ್ಣಕ್ಕೆ ತಿರುಗಲು ಇದೇ ಕಾರಣ.

ಮೊದಲು ಫ್ಲೋರೈಡಿನ ವಿಚಾರವನ್ನು ನೋಡೋಣ. ಗದಗ ಜಿಲ್ಲೆಯ ಮುಂಡರಗಿ, ಪಕ್ಕದ ಕೊಪ್ಪಳ, ರಾಯಚೂರು, ದಕ್ಷಿಣದ ಪಾವಗಡ, ಬಾಗೇಪಲ್ಲಿ ಇವೆಲ್ಲ ಗಟ್ಟಿ ಕಲ್ಲಿನ, ಕಡಿಮೆ ಮಳೆಯ ಸೀಮೆಗಳು. ಇಲ್ಲಿನ ಕಲ್ಲಿನಲ್ಲಿಯೇ ಫ್ಲೋರೈಡ್ ಇದೆ. ಹಿಂದೆ ಜನರು ಕೆರೆಯ ನೀರನ್ನೂ ಮೇಲ್ಪದರದ ತೆರೆದ ಬಾವಿಯ ನೀರನ್ನೂ ಕುಡಿಯುತ್ತಿದ್ದರು. ಅದು ಮಳೆಯಿಂದ ಮತ್ತೆ ಮತ್ತೆ ತುಂಬುವ ಹೊಸ ನೀರು. ಕೊಳವೆಬಾವಿ ಬಂದ ಮೇಲೆ ನಾವು ಆಳಕ್ಕೆ ಇಳಿದೆವು. ಅಲ್ಲಿ ಬಹುಕಾಲದಿಂದ ಕಲ್ಲಿನ ಸಂದಿಯಲ್ಲಿ ನಿಂತ ನೀರಿದೆ. ಅದು ಕ್ಷಾರಗುಣದ್ದಾಗಿದ್ದು ಅದರಲ್ಲಿ ಸುಣ್ಣದ ಅಂಶ ಕಡಿಮೆಯಿದ್ದರೆ ಫ್ಲೋರೈಡ್ ಹೆಚ್ಚಾಗಿ ಕರಗುತ್ತದೆ. ಭಾರತೀಯ ಮಾನಕ ಬ್ಯೂರೋದ ಪ್ರಕಾರ ಒಂದು ಲೀಟರ್ ಕುಡಿಯುವ ನೀರಿನಲ್ಲಿ ಫ್ಲೋರೈಡ್ 1 ಮಿಲಿಗ್ರಾಮ್ ಮೀರಬಾರದು. ಬೇರೆ ನೀರಿನ ಮೂಲವೇ ಇಲ್ಲದಿದ್ದಲ್ಲಿ ಮಾತ್ರ 1.5 ಮಿಲಿಗ್ರಾಮಿನವರೆಗೆ ಸಹಿಸಿಕೊಳ್ಳಬಹುದು. ಅದಕ್ಕಿಂತ ಹೆಚ್ಚಾದ ನೀರನ್ನು ಕುಡಿಯುತ್ತ ಬೆಳೆದ ಮಕ್ಕಳ ಹಲ್ಲಿನ ಮೇಲೆ ಹಳದಿ, ಕಂದು ಪಟ್ಟಿಗಳು ಮೂಡುತ್ತವೆ. ಪ್ರಮಾಣ ಇನ್ನೂ ಹೆಚ್ಚಾಗಿ ವರ್ಷಗಟ್ಟಲೆ ಕುಡಿದರೆ ಬೆನ್ನು, ಕುತ್ತಿಗೆ, ಮಂಡಿಗಳು ಬಿರುಸಾಗಿ ಬಾಗದಂತಾಗುತ್ತವೆ. ಹೀಗೆ ಬಿಗಿದ ಎಲುಬನ್ನು ಸರಿಪಡಿಸುವ ಔಷಧಿಯಿಲ್ಲ. ನಮ್ಮ ದೇಶದಲ್ಲಿ ಈ ರೋಗವನ್ನು ಗುರುತಿಸಿದ್ದು 1937ರಲ್ಲಿ, ಅಂದಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಜಿಲ್ಲೆಯಲ್ಲಿ. ಕಾರಣ ತಿಳಿದು ಇಷ್ಟು ಕಾಲವಾದ ಮೇಲೂ ಮಗುವೊಂದು ಬಾಯಿಗೆ ಕೈ ಅಡ್ಡಹಿಡಿದು ನಗಬೇಕಾದರೆ ದೋಷವನ್ನು ಕಲ್ಲಿನ ಮೇಲೆ ಹಾಕಲಾಗದು.

ಇನ್ನು ಕೃಷ್ಣೆಯ ದಂಡೆಗೆ ಬರೋಣ. ಚಿಕ್ಕೋಡಿ, ಅಥಣಿ, ಕಾಗವಾಡ, ರಾಯಬಾಗ ತಾಲೂಕುಗಳು ನಮ್ಮ ಸಮಾಜದ ಕೃಷಿಕರ ತವರು. ಅಲ್ಲಿ ನೀರಿಗೆ ಬರವಿಲ್ಲವೆಂದು ನಾವು ಅಭಿಮಾನದಿಂದ ಹೇಳುತ್ತೇವೆ. ಆದರೆ ನೀರು ಹೇರಳವಾಗಿರುವುದು ಬೇರೆ, ಅದು ಕುಡಿಯಲು ಯೋಗ್ಯವಾಗಿರುವುದು ಬೇರೆ. ವರ್ಷವಿಡೀ ಕಬ್ಬಿಗೆ ನೀರು ಹಾಯಿಸಿದ ಎರೆಮಣ್ಣಿನ ಹೊಲಗಳು ಸವಳು-ಜವಳಾಗಿವೆ; ಬಾವಿಯ ನೀರು ಉಪ್ಪಾಗಿದೆ. ಬೆಳೆ ಹೀರಿಕೊಳ್ಳದೆ ಉಳಿದ ಯೂರಿಯಾ ಮಣ್ಣಿನಲ್ಲಿ ನೈಟ್ರೇಟ್ ಆಗಿ ಬಾವಿಗೆ ಇಳಿಯುತ್ತದೆ. ತಿಪ್ಪೆಗುಂಡಿ ಮತ್ತು ಶೌಚದ ಗುಂಡಿಗಳಿಂದಲೂ ಅದು ಇಳಿಯುತ್ತದೆ. ಲೀಟರಿಗೆ 45 ಮಿಲಿಗ್ರಾಮ್ ಮೀರಿದ ನೈಟ್ರೇಟ್ ಹಸುಗೂಸಿಗೆ ಅಪಾಯಕಾರಿ. ಅದು ರಕ್ತದ ಆಮ್ಲಜನಕ ಒಯ್ಯುವ ಶಕ್ತಿಯನ್ನು ಕುಂದಿಸುವುದರಿಂದ ಕೂಸಿನ ಮೈ ನೀಲಿಗಟ್ಟುತ್ತದೆ. ನದಿಯ ಮಾತೂ ಇದಕ್ಕಿಂತ ಉತ್ತಮವಾಗಿಲ್ಲ. ಕೊಲ್ಲಾಪುರ, ಇಚಲಕರಂಜಿಗಳ ಹೊಲಸನ್ನು ಹೊತ್ತ ಪಂಚಗಂಗೆ ನರಸೋಬವಾಡಿಯಲ್ಲಿ ಕೃಷ್ಣೆಯನ್ನು ಸೇರುತ್ತದೆ. ಆ ಕೃಷ್ಣೆಯೇ ಮುಂದೆ ನಮ್ಮ ಊರುಗಳ ಪಂಪುಮನೆಗೆ ಬರುತ್ತದೆ. 2019 ಮತ್ತು 2021ರ ಮಹಾಪೂರಗಳಲ್ಲಿ ಶೌಚದ ಗುಂಡಿಯೂ ಕುಡಿಯುವ ನೀರಿನ ಬಾವಿಯೂ ಒಂದೇ ನೀರಿನಡಿ ಮುಳುಗಿದುದನ್ನು ಕಂಡವರು ಈ ಸಭೆಯಲ್ಲಿಯೇ ಇದ್ದೀರಿ.

ಕರಾವಳಿಯ ಬಂಧುಗಳೂ ನಿಶ್ಚಿಂತೆಯಿಂದ ಇರುವಂತಿಲ್ಲ. ಮುರಕಲ್ಲಿನ ನೆಲ ಜರಡಿಯಂತಿದೆ. ಹಿತ್ತಲಿನ ಗುಂಡಿಯಲ್ಲಿದ್ದುದು ಅಂಗಳದ ಬಾವಿಗೆ ತಲುಪಲು ಅಲ್ಲಿ ಬಹಳ ದಿನ ಬೇಕಾಗುವುದಿಲ್ಲ.

ಇಲ್ಲಿಂದ ನೈರ್ಮಲ್ಯದ ಮಾತಿಗೆ ಬರುತ್ತೇನೆ. ನಮ್ಮ ಮುನಿಗಳ ಐದು ಸಮಿತಿಗಳಲ್ಲಿ ಕೊನೆಯದು ಪ್ರತಿಷ್ಠಾಪನಾ ಸಮಿತಿ. ಮಲಮೂತ್ರಗಳನ್ನು ಜೀವಜಂತುಗಳಿಲ್ಲದ, ಯಾರಿಗೂ ಬಾಧೆಯಾಗದ ಜಾಗದಲ್ಲಿ ವಿಸರ್ಜಿಸಬೇಕೆಂದು ಅದು ವಿಧಿಸುತ್ತದೆ. ಈ ವಿಷಯವನ್ನು ಅಸಹ್ಯವೆಂದು ಬದಿಗೊತ್ತದೆ ಆಚಾರಧರ್ಮದ ಭಾಗವಾಗಿ ಚಿಂತಿಸಿದ ಪರಂಪರೆ ನಮ್ಮದು. ಹೀಗಿರುವಾಗ ನಮ್ಮ ಸಭೆಗಳಲ್ಲಿ ಇದರ ಮಾತೆತ್ತಲು ಸಂಕೋಚಪಡುವ ಕಾರಣವಿಲ್ಲ.

2014ರ ಅಕ್ಟೋಬರ್ 2ರಂದು ಆರಂಭವಾದ ಸ್ವಚ್ಛ ಭಾರತ ಅಭಿಯಾನದ ಮೊದಲ 5 ವರ್ಷಗಳಲ್ಲಿ ಗ್ರಾಮೀಣ ಭಾರತದಲ್ಲಿ 10 ಕೋಟಿಗೂ ಹೆಚ್ಚು ಶೌಚಾಲಯಗಳನ್ನು ಕಟ್ಟಲಾಯಿತು. ಇದು ಸಣ್ಣ ಕೆಲಸವಲ್ಲ. ಕತ್ತಲಾಗುವವರೆಗೆ ಕಾಯಬೇಕಾಗಿದ್ದ ಹೆಣ್ಣುಮಕ್ಕಳ ಸಂಕಟವನ್ನು ಬಲ್ಲವರು ಇದನ್ನು ಒಪ್ಪಲೇಬೇಕು. ಆದರೆ ಶೌಚಾಲಯವೆಂದರೆ ಕೋಣೆ ಮಾತ್ರವಲ್ಲ, ಅದರ ಕೆಳಗಿನ ಗುಂಡಿಯೂ ಹೌದು. ಅಭಿಯಾನ ಶಿಫಾರಸು ಮಾಡಿದ್ದು ಜೋಡಿಗುಂಡಿಯ ಪದ್ಧತಿಯನ್ನು. ಒಂದು ಗುಂಡಿ ಕೆಲವು ವರ್ಷಗಳಲ್ಲಿ ತುಂಬಿದೊಡನೆ ಅದನ್ನು ಮುಚ್ಚಿ ಇನ್ನೊಂದಕ್ಕೆ ತಿರುಗಿಸಬೇಕು. ಮುಚ್ಚಿದ ಗುಂಡಿಯಲ್ಲಿನದು ಒಂದೆರಡು ವರ್ಷಗಳಲ್ಲಿ ವಾಸನೆಯಿಲ್ಲದ ಗೊಬ್ಬರವಾಗುತ್ತದೆ. ಆಗ ಮನುಷ್ಯನೊಬ್ಬ ಇನ್ನೊಬ್ಬನ ಮಲವನ್ನು ಕೈಯಿಂದ ಎತ್ತುವ ಪ್ರಸಂಗವೇ ಬರುವುದಿಲ್ಲ. ಎಷ್ಟೋ ಊರುಗಳಲ್ಲಿ ಈ ಲೆಕ್ಕ ತಪ್ಪಿತು. ಒಂದೇ ಗುಂಡಿ ತೋಡಿದರು. ಇಲ್ಲವೇ ಬೇಗ ತುಂಬಬಾರದೆಂದು ಬಾವಿಯಷ್ಟು ಆಳಕ್ಕೆ ತೋಡಿದರು. ಆಳವಾದ ಗುಂಡಿ ಅಂತರ್ಜಲಕ್ಕೇ ಬಾಯಿ ತೆರೆಯುತ್ತದೆ. ನಮ್ಮ ಎರೆಸೀಮೆಯಲ್ಲಿ ಇನ್ನೊಂದು ತೊಡಕಿದೆ. ಎರೆಮಣ್ಣು ನೀರನ್ನು ಸುಲಭವಾಗಿ ಇಂಗಿಸಿಕೊಳ್ಳುವುದಿಲ್ಲ. ಮಳೆಗಾಲದಲ್ಲಿ ಗುಂಡಿ ಉಕ್ಕುತ್ತದೆ, ಮನೆಯವರು ಮತ್ತೆ ಬಯಲಿಗೆ ಹೋಗುತ್ತಾರೆ, ಕೋಣೆ ಕಟ್ಟಿಗೆ-ಕುಳ್ಳು ಇಡುವ ಜಾಗವಾಗುತ್ತದೆ. ಅಂಥ ಮಣ್ಣಿನಲ್ಲಿ ಗುಂಡಿಯನ್ನು ಅಗಲವಾಗಿ ತೆಗೆದು ಸುತ್ತಲೂ ಇಟ್ಟಿಗೆ ಚೂರು, ಮರಳು ತುಂಬಬೇಕು. ಇದನ್ನು ತಿಳಿದ ಗೌಂಡಿ ಊರಿಗೊಬ್ಬನಿದ್ದರೂ ಸಾಕಿತ್ತು. ನಾವು ಕೋಣೆಗಳನ್ನು ಎಣಿಸಿದೆವು, ಗೌಂಡಿಗಳಿಗೆ ಕಲಿಸಲಿಲ್ಲ.

ತುಂಬಿದ ಗುಂಡಿಯನ್ನು ಬಳಿಯುವವರು ಯಾರೆಂಬುದು ತಮಗೆಲ್ಲ ತಿಳಿದಿದೆ. 2013ರ ಕಾಯಿದೆ ಮಲ ಹೊರುವ ಪದ್ಧತಿಯನ್ನೂ ರಕ್ಷಣಾ ಸಾಧನಗಳಿಲ್ಲದೆ ಮನುಷ್ಯನನ್ನು ಗುಂಡಿಗೆ ಇಳಿಸುವುದನ್ನೂ ನಿಷೇಧಿಸಿದೆ. ಒಳಚರಂಡಿಯಲ್ಲಿ ಸತ್ತವರ ಕುಟುಂಬಕ್ಕೆ 30 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಸುಪ್ರೀಂ ಕೋರ್ಟು 2023ರ ಅಕ್ಟೋಬರಿನಲ್ಲಿ ಆದೇಶಿಸಿದೆ. ಪರಿಹಾರ ಏರಿತು; ಸಾವು ನಿಂತಿಲ್ಲ. ಇರುವೆಯನ್ನು ತುಳಿಯದಂತೆ ನೋಡಿ ನಡೆಯುವ ನಾವು ನಮ್ಮ ಮನೆಯ ಗುಂಡಿಯನ್ನು ಯಂತ್ರದಿಂದ ಖಾಲಿ ಮಾಡಿಸುತ್ತೇವೆಯೋ ಮನುಷ್ಯನಿಂದಲೋ ಎಂಬುದನ್ನು ಊರಿನ ಮನೆಗೆ ಇಂದೇ ಫೋನು ಮಾಡಿ ಕೇಳಬೇಕು. ಅಹಿಂಸೆಯ ಪಾಲನೆ ಅಲ್ಲಿಯೂ ಆಗಬೇಕಾಗಿದೆ.

ಇನ್ನು ಸರ್ಕಾರಗಳ ವಿಷಯ. 2019ರ ಆಗಸ್ಟ್ 15ರಂದು ಜಲ ಜೀವನ ಮಿಷನ್ ಘೋಷಣೆಯಾದಾಗ ದೇಶದ ಗ್ರಾಮೀಣ ಮನೆಗಳಲ್ಲಿ ನಳವಿದ್ದುದು 3.23 ಕೋಟಿ ಮನೆಗಳಿಗೆ, ಅಂದರೆ ನೂರಕ್ಕೆ ಸುಮಾರು 17 ಮನೆಗಳಿಗೆ. 2025ರ ಹೊತ್ತಿಗೆ ಆ ಸಂಖ್ಯೆ 15 ಕೋಟಿ ದಾಟಿತು. ಕರ್ನಾಟಕದಲ್ಲಿ ಇದೇ ಯೋಜನೆ ‘ಮನೆ ಮನೆಗೆ ಗಂಗೆ’ ಎಂಬ ಹೆಸರಿನಲ್ಲಿ ನಡೆದಿದೆ. ತಲೆಗೆ ದಿನಕ್ಕೆ 55 ಲೀಟರ್ ನೀರು ಕೊಡಬೇಕೆಂಬುದು ಅದರ ಮಾನದಂಡ. 2024ಕ್ಕೆ ಮುಗಿಯಬೇಕಾಗಿದ್ದ ಈ ಕೆಲಸವನ್ನು 2028ರವರೆಗೆ ವಿಸ್ತರಿಸುವುದಾಗಿ 2025ರ ಕೇಂದ್ರ ಬಜೆಟ್ಟಿನಲ್ಲಿ ಹೇಳಲಾಯಿತು. ವಿಳಂಬಕ್ಕೆ ಕೇಂದ್ರ ರಾಜ್ಯವನ್ನು ದೂರುತ್ತದೆ, ರಾಜ್ಯ ಕೇಂದ್ರವನ್ನು ದೂರುತ್ತದೆ. ನಾವು ನಮ್ಮ ನಮ್ಮ ಪಕ್ಷದ ಒಲವಿಗೆ ತಕ್ಕಂತೆ ಒಂದು ಕಡೆಯ ದೂರನ್ನು ವಾಟ್ಸಾಪಿನಲ್ಲಿ ಮುಂದಕ್ಕೆ ಕಳಿಸುತ್ತೇವೆ. ಇದರಿಂದ ಒಂದು ಕೊಡ ನೀರೂ ಹೆಚ್ಚಾಗಿ ಬರುವುದಿಲ್ಲ.

ನಾವು ಕೇಳಬೇಕಾದ ಪ್ರಶ್ನೆ ಬೇರೆಯಾಗಿದೆ. ನಳ ಇದೆಯೇ ಎಂದು ಕೇಳಿದರೆ ಸಾಲದು. ಅದರಲ್ಲಿ ಎಷ್ಟು ದಿನಕ್ಕೊಮ್ಮೆ, ಎಂಥ ನೀರು ಬರುತ್ತದೆ ಎಂದು ಕೇಳಬೇಕು. ಮೂರು ದಿನಕ್ಕೊಮ್ಮೆ ಒಂದು ತಾಸು ನೀರು ಬಿಟ್ಟರೆ ಉಳಿದ ಹೊತ್ತು ಪೈಪು ಖಾಲಿ ಇರುತ್ತದೆ. ಚರಂಡಿಯೊಳಗೇ ಹಾದುಹೋದ ಪೈಪಿಗೆ ಎಲ್ಲಿಯಾದರೂ ಬಿರುಕಿದ್ದರೆ, ಒತ್ತಡವಿಲ್ಲದ ಆ ಹೊತ್ತಿನಲ್ಲಿ ಹೊಲಸು ಒಳಕ್ಕೆ ನುಗ್ಗುತ್ತದೆ. ಮುಂದಿನ ಸರದಿಯಲ್ಲಿ ಅದೇ ಮೊದಲು ಕೊಡಕ್ಕೆ ಬೀಳುತ್ತದೆ. 2021ರಲ್ಲಿ ಹೂವಿನಹಡಗಲಿ ತಾಲೂಕಿನ ಮಕರಬ್ಬಿ ಗ್ರಾಮದಲ್ಲಿ, 2023ರ ಆಗಸ್ಟಿನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ಜನ ಸತ್ತರು. ಇಂಥ ಸುದ್ದಿ ಬಂದಾಗ ಅಧಿಕಾರಿಯೊಬ್ಬರ ಅಮಾನತು ಆಗುತ್ತದೆ, ಪರಿಹಾರದ ಚೆಕ್ಕು ಬರುತ್ತದೆ, ಟ್ಯಾಂಕರು ಬರುತ್ತದೆ. ನಿಜವಾಗಿ ಬೇಕಾಗಿದ್ದುದು ಪೈಪಿನ ದುರಸ್ತಿ, ಟಾಕಿಯ ತೊಳೆತ ಮತ್ತು ಕ್ಲೋರಿನ್. ನಳದ ತುದಿಯ ನೀರಿನಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಮ್ ಕ್ಲೋರಿನ್ ಉಳಿದಿರಬೇಕೆಂಬುದು ನಿಯಮ. ಅದನ್ನು ಅಳೆಯಲು ಬೇಕಾದುದು ಒಂದು ಹನಿ ದ್ರಾವಣ ಮತ್ತು ಒಂದು ನಿಮಿಷ.

ಈ ಕೆಲಸಗಳಿಗೆ ಹಣವಿಲ್ಲವೆಂಬ ಉತ್ತರವನ್ನು ಹಾಗೆಯೇ ನಂಬಬೇಡಿ. ಸಂವಿಧಾನದ 73ನೆಯ ತಿದ್ದುಪಡಿಯ ನಂತರ ಕುಡಿಯುವ ನೀರು ಮತ್ತು ನೈರ್ಮಲ್ಯ ಪಂಚಾಯತಿಗಳಿಗೆ ವಹಿಸಬಹುದಾದ 29 ವಿಷಯಗಳಲ್ಲಿ ಸೇರಿವೆ. 15ನೆಯ ಹಣಕಾಸು ಆಯೋಗ 2021ರಿಂದ 2026ರ ಅವಧಿಗೆ ಪಂಚಾಯತಿಗಳಿಗೆ ನೀಡಿದ ಅನುದಾನದಲ್ಲಿ ನೂರಕ್ಕೆ 60 ಭಾಗವನ್ನು ಈ ಎರಡು ಕೆಲಸಗಳಿಗೇ ಕಟ್ಟಿಹಾಕಿತು. 30 ಭಾಗ ನೈರ್ಮಲ್ಯಕ್ಕೆ, 30 ಭಾಗ ಕುಡಿಯುವ ನೀರು ಮತ್ತು ಮಳೆನೀರು ಸಂಗ್ರಹಕ್ಕೆ. ನಿಮ್ಮೂರಿನಲ್ಲಿ ಆ ಹಣ ಯಾವುದಕ್ಕೆ ಖರ್ಚಾಯಿತು? ಗ್ರಾಮಸಭೆಯಲ್ಲಿ ಎದ್ದುನಿಂತು ಕೇಳುವ ಹಕ್ಕು ಅಲ್ಲಿನ ಪ್ರತಿ ಮತದಾರನಿಗಿದೆ. ಊರಿನಲ್ಲಿ ಮತದಾನದ ಹಕ್ಕು ಉಳಿಸಿಕೊಂಡವರು ಪಂಚಾಯತಿ ಚುನಾವಣೆಗೆ ಬಸ್ಸು ಮಾಡಿಕೊಂಡು ಹೋಗುತ್ತೇವೆ. ಗ್ರಾಮಸಭೆಗೆ ಎಷ್ಟು ಜನ ಹೋಗಿದ್ದೇವೆ?

ಇಲ್ಲಿಯವರೆಗೆ ಸರ್ಕಾರದ ಲೋಪ ಹೇಳಿದೆ. ಈಗ ನಮ್ಮ ಸಮಾಜದ ಮಾತು.

ಆಹಾರ, ಅಭಯ, ಔಷಧ, ಶಾಸ್ತ್ರ ಎಂಬ ನಾಲ್ಕು ದಾನಗಳ ಪರಂಪರೆಯಲ್ಲಿ ನಾವು ಬೆಳೆದಿದ್ದೇವೆ. ದಾನಚಿಂತಾಮಣಿ ಅತ್ತಿಮಬ್ಬೆ 1007ರಲ್ಲಿ ಬ್ರಹ್ಮಜಿನಾಲಯವನ್ನು ಕಟ್ಟಿಸಿದ ಲಕ್ಕುಂಡಿ ಮುಸುಕಿನ ಬಾವಿಯಂಥ ಕಲ್ಲುಬಾವಿಗಳಿಗೂ ಹೆಸರಾದ ಊರು. ಇಂದು ಅದೇ ಗದಗ ಸೀಮೆಯ ಹಳ್ಳಿಗಳಲ್ಲಿ ಫ್ಲೋರೈಡ್ ನೀರಿನ ಪ್ರಶ್ನೆಯಿದೆ. ಈ ಬಗೆಯ ಊರುಗಳಿಗೆ ನಮ್ಮ ಜನರು ಉದಾರವಾಗಿ ಕೊಟ್ಟಿದ್ದಾರೆ. ಆದರೆ ಕೊಡುವ ಕ್ರಮವನ್ನು ಸ್ವಲ್ಪ ಪರೀಕ್ಷಿಸಿ ನೋಡೋಣ. ತಾಯಿತಂದೆಯರ ಸ್ಮರಣಾರ್ಥ ಶುದ್ಧ ನೀರಿನ ಘಟಕ ಕಟ್ಟಿಸುತ್ತೇವೆ. ಅಮೃತಶಿಲೆಯ ಮೇಲೆ ಹೆಸರು ಕೆತ್ತಿಸುತ್ತೇವೆ. ಶಾಸಕರು ಬಂದು ರಿಬ್ಬನ್ನು ಕತ್ತರಿಸುತ್ತಾರೆ. ನಾಣ್ಯ ಹಾಕಿದರೆ ಕೊಡ ತುಂಬುತ್ತದೆ. ಎರಡು ಮೂರು ವರ್ಷಗಳಲ್ಲಿ ಒಳಗಿನ ಪೊರೆಯನ್ನು ಬದಲಿಸುವ ಸಮಯ ಬರುತ್ತದೆ. ಆ ಹೊತ್ತಿಗೆ ದಾನಿ ಮುಂಬಯಿಯಲ್ಲಿ, ಗುತ್ತಿಗೆದಾರ ಬೇರೆ ಊರಿನಲ್ಲಿ, ಪಂಚಾಯತಿಯ ವಿದ್ಯುತ್ ಬಿಲ್ಲು ಬಾಕಿ. ಘಟಕಕ್ಕೆ ಬೀಗ ಬೀಳುತ್ತದೆ. ಅಮೃತಶಿಲೆ ಮಾತ್ರ ಕೆಡದೆ ಉಳಿಯುತ್ತದೆ.

ಘಟಕ ನಡೆಯುತ್ತಿದ್ದರೂ ಗಮನಿಸಬೇಕಾದ ಸಂಗತಿಯೊಂದಿದೆ. ಒಳಗೆ ಹೋದ ನೀರಿನ ಸುಮಾರು ಅರ್ಧ ಭಾಗ, ಹಲವೆಡೆ ಅದಕ್ಕಿಂತಲೂ ಹೆಚ್ಚು, ತ್ಯಾಜ್ಯವಾಗಿ ಹೊರಬೀಳುತ್ತದೆ. ತೆಗೆದ ಫ್ಲೋರೈಡ್ ಎಲ್ಲವೂ ಅದರಲ್ಲಿಯೇ ಇರುತ್ತದೆ. ಅದನ್ನು ಪಕ್ಕದ ಗುಂಡಿಗೆ ಬಿಟ್ಟರೆ ಅದು ಮತ್ತೆ ಅದೇ ಅಂತರ್ಜಲವನ್ನು ಸೇರುತ್ತದೆ. ಬೇರೆ ದಾರಿಯೇ ಇಲ್ಲದ ಊರಿಗೆ ಘಟಕ ಬೇಕು, ನಿಜ. ಆದರೆ ಎಲ್ಲೆಡೆಗೂ ಅದೊಂದೇ ಉತ್ತರವಲ್ಲ. ನಾಗಪುರದ ನೀರಿ ಸಂಸ್ಥೆ ರೂಪಿಸಿದ ನಲ್ಗೊಂಡ ವಿಧಾನದಲ್ಲಿ ಪಟಿಕ ಮತ್ತು ಸುಣ್ಣದಿಂದ ಫ್ಲೋರೈಡನ್ನು ಕೆಳಗಿಳಿಸಬಹುದು. ಅದಕ್ಕೆ ದಿನನಿತ್ಯದ ಶಿಸ್ತು ಬೇಕು. ಮಳೆನೀರಂತೂ ಫ್ಲೋರೈಡ್ ಇಲ್ಲದ ನೀರು. ಲೆಕ್ಕ ಹಾಕಿ ನೋಡಿ: 30 ಚದರ ಮೀಟರಿನ ಸಣ್ಣ ಮಾಳಿಗೆಯ ಮೇಲೆ ವರ್ಷಕ್ಕೆ 600 ಮಿಲಿಮೀಟರ್ ಮಳೆ ಬಿದ್ದರೆ ಅದು 18,000 ಲೀಟರ್. ಐದನೆಯ ಒಂದು ಭಾಗ ವ್ಯರ್ಥವಾದರೂ 14,400 ಲೀಟರ್ ಕೈಗೆ ಸಿಗುತ್ತದೆ. ಐದು ಜನರ ಕುಟುಂಬಕ್ಕೆ ಕುಡಿಯಲು ಮತ್ತು ಅಡುಗೆಗೆ ತಲೆಗೆ ದಿನಕ್ಕೆ 5 ಲೀಟರಿನಂತೆ ವರ್ಷಕ್ಕೆ ಬೇಕಾಗುವುದು 9,125 ಲೀಟರ್. ಮುಚ್ಚಿದ ತೊಟ್ಟಿ, ಮೊದಲ ಮಳೆಯನ್ನು ಹೊರಕ್ಕೆ ಬಿಡುವ ಕೊಳವೆ, ಒಂದು ಮರಳಿನ ಸೋಸುಪೆಟ್ಟಿಗೆ ಇದ್ದರೆ ಮತ್ತು ಆ ನೀರನ್ನು ಕಾಯಿಸಿ ಕುಡಿದರೆ ಬಡಕುಟುಂಬಕ್ಕೂ ವರ್ಷವಿಡೀ ಒಳ್ಳೆಯ ನೀರು ದೊರೆಯುತ್ತದೆ. ಇಂಥ ತೊಟ್ಟಿಯ ಮೇಲೆ ದೊಡ್ಡ ಕಲ್ಲು ಕೂಡಿಸಲು ಜಾಗವಿಲ್ಲ. ಹಾಗೆಂದು ಅದನ್ನು ಬಿಡಬಾರದು.

ಇನ್ನೊಂದು ಮಾತನ್ನು ಹೇಳದಿದ್ದರೆ ಈ ಉಪನ್ಯಾಸ ಅಪ್ರಾಮಾಣಿಕವಾಗುತ್ತದೆ. ದಸರೆಯ ನಂತರ ಬೀಡ್ ಮತ್ತಿತರ ಜಿಲ್ಲೆಗಳಿಂದ ಕಬ್ಬು ಕಡಿಯುವ ಗ್ಯಾಂಗಿನವರು ಪಶ್ಚಿಮ ಮಹಾರಾಷ್ಟ್ರಕ್ಕೂ ನಮ್ಮ ಬೆಳಗಾವಿ ಸೀಮೆಗೂ ಬರುತ್ತಾರೆ. ನಮ್ಮ ನಮ್ಮ ಹೊಲಗಳ ಅಂಚಿನಲ್ಲಿ ರವದಿಯ ಗುಡಿಸಲು ಹಾಕಿಕೊಂಡು ನಾಲ್ಕೈದು ತಿಂಗಳು ಇರುತ್ತಾರೆ. ಅವರಿಗೆ ಕುಡಿಯಲು ಸಿಗುವುದು ಕಾಲುವೆಯ ನೀರು. ಶೌಚಕ್ಕೆ ಕಬ್ಬಿನ ಸಾಲು, ಅದೂ ದಿನದಿನಕ್ಕೆ ಕಡಿಮೆಯಾಗುತ್ತ ಹೋಗುತ್ತದೆ. ಬೀಡ್ ಜಿಲ್ಲೆಯ ಕಬ್ಬು ಕಡಿಯುವ ಹೆಂಗಸರಲ್ಲಿ ಸಣ್ಣ ವಯಸ್ಸಿನಲ್ಲಿಯೇ ಗರ್ಭಕೋಶ ತೆಗೆಸಿಕೊಂಡವರು ಬಹಳ ಇದ್ದಾರೆಂಬ ಸುದ್ದಿ 2019ರಲ್ಲಿ ದೇಶದ ಗಮನ ಸೆಳೆಯಿತು. ಮಹಾರಾಷ್ಟ್ರ ಸರ್ಕಾರ ವಿಚಾರಣಾ ಸಮಿತಿಯನ್ನೇ ನೇಮಿಸಿತು. ಅದಕ್ಕೆ ಕಾರಣಗಳು ಹಲವು. ತೊಳೆದುಕೊಳ್ಳಲು ನೀರಿಲ್ಲದ, ಮರೆಯಿಲ್ಲದ ಬಾಳು ಅವುಗಳಲ್ಲಿ ಒಂದು. ಆ ಮಹಿಳೆ ಕಡಿದ ಕಬ್ಬಿನ ಬಿಲ್ಲು ನಮ್ಮ ಬ್ಯಾಂಕಿನ ಖಾತೆಗೆ ಬರುತ್ತದೆ. ಕಾರ್ಖಾನೆ, ಮುಕಾದಮ, ಸರ್ಕಾರ ಎಲ್ಲರ ಹೊಣೆಯೂ ಇದೆ; ಹೊಲದ ಒಡೆಯನ ಹೊಣೆ ಅದರಿಂದ ಕಳೆದುಹೋಗುವುದಿಲ್ಲ. ಒಂದು ನೀರಿನ ಟಾಕಿ, ಎರಡು ತಾತ್ಕಾಲಿಕ ಶೌಚಾಲಯ, ಕೈತೊಳೆಯಲು ಸಾಬೂನು ಇವಿಷ್ಟನ್ನು ಪ್ರತಿ ಹಂಗಾಮಿಗೆ ಒದಗಿಸುವುದು ಕಬ್ಬು ಬೆಳೆಯುವ ಯಾವ ಕುಟುಂಬಕ್ಕೂ ಅಸಾಧ್ಯವಲ್ಲ.

ಊರೊಳಗೂ ನೀರಿಗೆ ಕೊನೆಯ ಸಾಲಿನವರು ಇದ್ದಾರೆ. 1927ರ ಮಾರ್ಚ್ 20ರಂದು ಡಾ. ಅಂಬೇಡ್ಕರ್ ಅವರು ಇದೇ ಕೊಂಕಣದ ಮಹಾಡದಲ್ಲಿ ಚವದಾರ ಕೆರೆಯ ನೀರನ್ನು ಬೊಗಸೆಯಲ್ಲಿ ಎತ್ತಿ ಕುಡಿದರು. ನೂರು ವರ್ಷಗಳಾಗುತ್ತ ಬಂದಿವೆ. ಈಗ ಹೊಸ ಪೈಪು ಹಾಕುವಾಗಲೂ ಕೇರಿಯ ನಳ ಕೊಳವೆಯ ತುದಿಯಲ್ಲಿಯೇ ಇದ್ದರೆ, ಒತ್ತಡ ಕಡಿಮೆಯಾದ ದಿನ ನೀರು ತಪ್ಪುವುದು ಅಲ್ಲಿಯೇ. ಇದನ್ನು ಯಾರೂ ಅಸ್ಪೃಶ್ಯತೆ ಎಂದು ಕರೆಯುವುದಿಲ್ಲ; ಫಲ ಮಾತ್ರ ಅದೇ. ಆದ್ದರಿಂದ ಊರಿನ ನೀರು ಪರೀಕ್ಷಿಸುವಾಗ ಬಸದಿಯ ಓಣಿಯ ನಳದಿಂದ ಆರಂಭಿಸದೆ ಕೇರಿಯ ಕೊನೆಯ ನಳದಿಂದ ಆರಂಭಿಸಬೇಕು.

ಹಾಗಾದರೆ ಮುಂಬಯಿಯಲ್ಲಿ, ಪುಣೆಯಲ್ಲಿ, ಹೈದರಾಬಾದಿನಲ್ಲಿ ಇರುವ ನಾವು ಮಾಡಬಹುದಾದುದೇನು? ನಾಲ್ಕು ಸೂಚನೆಗಳನ್ನು ತಮ್ಮ ಮುಂದಿಡುತ್ತೇನೆ.

ಮೊದಲನೆಯದು ಪರೀಕ್ಷೆ. ಮುಂದಿನ ಬಾರಿ ಊರಿಗೆ ಹೋದಾಗ ಕುಡಿಯುವ ನೀರಿನ ಮಾದರಿಯನ್ನು ತಾಲೂಕು ಅಥವಾ ಜಿಲ್ಲೆಯ ಸರ್ಕಾರಿ ಪ್ರಯೋಗಾಲಯಕ್ಕೆ ಒಯ್ಯಿರಿ. ಅಲ್ಪ ಶುಲ್ಕದಲ್ಲಿ ಅದು ಸಾರ್ವಜನಿಕರಿಗೂ ತೆರೆದಿದೆ. ಪ್ರತಿ ಹಳ್ಳಿಯಲ್ಲಿ ಐವರು ಮಹಿಳೆಯರಿಗೆ ಪರೀಕ್ಷಾ ಪೆಟ್ಟಿಗೆಯ ಬಳಕೆ ಕಲಿಸಬೇಕೆಂಬ ನಿಯಮವೂ ಜಲ ಜೀವನ ಮಿಷನ್ನಿನಲ್ಲಿದೆ. ಆ ಐವರು ಯಾರೆಂದು ವಿಚಾರಿಸಿ. ಫಲಿತಾಂಶವನ್ನು ಪಂಚಾಯತಿ ಕಚೇರಿಯ ಗೋಡೆಯ ಮೇಲೆ ಕನ್ನಡದಲ್ಲಿ ಬರೆಸಲು ಒತ್ತಾಯಿಸಿ.

ಎರಡನೆಯದು ನಿರ್ವಹಣೆ. ಪರೀಕ್ಷೆಯ ವರದಿ ನೋಡದೆ ಯಾವ ದಾನವನ್ನೂ ಘೋಷಿಸಬೇಡಿ. ಘಟಕವೋ ತೊಟ್ಟಿಯೋ ಕಟ್ಟಿಸುವುದಾದರೆ ಮೀಸಲಿಟ್ಟ ಹಣದ ಅರ್ಧವನ್ನು ಮಾತ್ರ ಕಟ್ಟಡಕ್ಕೆ ಬಳಸಿ. ಉಳಿದರ್ಧವನ್ನು ಠೇವಣಿಯಿಟ್ಟು, ಅದರ ಬಡ್ಡಿ ದುರಸ್ತಿಗೂ ನೀರುಗಂಟಿಯ ಗೌರವಧನಕ್ಕೂ ಸಲ್ಲುವಂತೆ ಪಂಚಾಯತಿಯೊಡನೆ ಬರಹದಲ್ಲಿ ಒಪ್ಪಂದ ಮಾಡಿಕೊಳ್ಳಿ. ದಿನವೂ ನಸುಕಿನಲ್ಲಿ ವಾಲ್ವು ತಿರುಗಿಸುವ ನೀರುಗಂಟಿಗೆ ಅನೇಕ ಊರುಗಳಲ್ಲಿ ಸಂಬಳ ತಿಂಗಳುಗಟ್ಟಲೆ ತಡವಾಗುತ್ತದೆ. ಊರಿನ ಆರೋಗ್ಯ ವೈದ್ಯರಿಗಿಂತ ಮೊದಲು ಅವನ ಕೈಯಲ್ಲಿದೆ.

ಮೂರನೆಯದು ಶಾಲೆ. ಊರಿನ ಸರ್ಕಾರಿ ಶಾಲೆಯಲ್ಲಿ ಹೆಣ್ಣುಮಕ್ಕಳ ಶೌಚಾಲಯಕ್ಕೆ ನೀರು ಬರುತ್ತದೆಯೇ, ಬಾಗಿಲಿಗೆ ಚಿಲಕವಿದೆಯೇ, ಅದನ್ನು ತೊಳೆಯಲು ಕೂಲಿಯವರಿದ್ದಾರೆಯೇ ಎಂದು ನೋಡಿ. ಮಕ್ಕಳಿಂದ, ಅದರಲ್ಲಿಯೂ ಒಂದು ಜಾತಿಯ ಮಕ್ಕಳಿಂದ, ಅದನ್ನು ತೊಳೆಯಿಸುತ್ತಿದ್ದರೆ ಅದನ್ನು ಅಂದೇ ನಿಲ್ಲಿಸಿ.

ನಾಲ್ಕನೆಯದು ರಾಜಕೀಯ. ಚುನಾವಣೆ ಬಂದಾಗ ನಮ್ಮ ಸಮಾಜದ ಮುಖಂಡರು ಸಮುದಾಯ ಭವನವನ್ನು ಕೇಳುತ್ತಾರೆ. ಅಭ್ಯರ್ಥಿಗಳು ಸಂತೋಷದಿಂದ ಒಪ್ಪುತ್ತಾರೆ, ಏಕೆಂದರೆ ಅದು ಅವರಿಗೆ ಸುಲಭ. ಈ ಸಲ ಬೇರೆಯದನ್ನು ಕೇಳೋಣ. ಊರಿನ ಪ್ರತಿ ನೀರಿನ ಮೂಲದ ವಾರ್ಷಿಕ ಪರೀಕ್ಷೆಯ ವರದಿಯನ್ನೂ, ತಾಲೂಕಿಗೆ ಸಾಕಾಗುವಷ್ಟು ಮಲದ ಗುಂಡಿ ಖಾಲಿ ಮಾಡುವ ಯಂತ್ರವಾಹನಗಳನ್ನೂ, ಆ ಹೊಲಸನ್ನು ಹಳ್ಳಕ್ಕೆ ಸುರಿಯದೆ ಸಂಸ್ಕರಿಸುವ ಜಾಗವನ್ನೂ ಕೇಳೋಣ. ಮಾಲಿನ್ಯವಿಲ್ಲದ ನೀರು ಸಂವಿಧಾನದ 21ನೆಯ ವಿಧಿಯ ಬದುಕುವ ಹಕ್ಕಿನಲ್ಲಿಯೇ ಅಡಗಿದೆಯೆಂದು ಸುಪ್ರೀಂ ಕೋರ್ಟು 1991ರಲ್ಲಿ ಹೇಳಿದೆ. ಹಕ್ಕನ್ನು ಕೇಳಿ ಪಡೆಯಬೇಕು. ನಮ್ಮ ದಾನದಿಂದ ಸರ್ಕಾರದ ಕರ್ತವ್ಯ ಮನ್ನಾ ಆಗಬಾರದು.

ನಾವು ಅಲ್ಪಸಂಖ್ಯಾತರು, ನಮ್ಮ ಮಾತನ್ನು ಯಾರು ಕೇಳುತ್ತಾರೆಂದು ಕೆಲವರು ಹೇಳುವುದುಂಟು. ನಮ್ಮ ಸಮಾಜಕ್ಕಾಗಿ ಮಾತ್ರ ಕೇಳಿದರೆ ಆ ಮಾತು ನಿಜವಾಗಬಹುದು. ಊರಿನ ಕೊನೆಯ ನಳಕ್ಕಾಗಿ ಕೇಳಿದರೆ ಇಡೀ ಊರು ನಮ್ಮ ಬೆನ್ನಿಗೆ ನಿಲ್ಲುತ್ತದೆ.

ಇಂದಿನ ಸಭೆಯಿಂದ ಒಂದು ಚಿಕ್ಕ ಫಲವನ್ನು ಬೇಡುತ್ತೇನೆ. ತಾವು ಹೊರಡುವ ಮುನ್ನ ತಮ್ಮ ತಮ್ಮ ಊರಿನ ಹೆಸರು ಮತ್ತು ಅಲ್ಲಿ ನೀರಿನ ಮಾದರಿ ತರಬಲ್ಲ ಒಬ್ಬರ ಹೆಸರನ್ನು ಬಾಗಿಲ ಬಳಿಯ ಪುಸ್ತಕದಲ್ಲಿ ಬರೆದುಹೋಗಿ. ಮುಂದಿನ ಚಾತುರ್ಮಾಸದೊಳಗೆ ಆ ವರದಿಗಳನ್ನೆಲ್ಲ ಒಟ್ಟುಮಾಡಿ, ಯಾವ ಊರಿಗೆ ಏನು ಬೇಕೆಂದು ಇದೇ ಸಭಾಂಗಣದಲ್ಲಿ ಕುಳಿತು ನಿರ್ಧರಿಸೋಣ. ಆ ಮೇಲೆ ದಾನದ ಘೋಷಣೆಗಳಾಗಲಿ.